ಡೇಟನ್ ಊರಿನ ಔಷಧಿ ಅಂಗಡಿಯಲ್ಲಿ ಶುರುವಾದ ಜಗಳ

ಕೇಳುಗರೆಲ್ಲರಿಗೂ ನಮಸ್ಕಾರ.

ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವನು ನಾನು. ಅಮೆರಿಕದ ಹಳ್ಳಿಗಾಡಿನಲ್ಲಿ ಮೂಲಭೂತವಾದಕ್ಕೂ ವಿಜ್ಞಾನಕ್ಕೂ ಇರುವ ತಿಕ್ಕಾಟದ ಬಗ್ಗೆ ಮಾತಾಡಿ ಎಂದು ಕೇಳಿದಾಗ ತಕ್ಷಣ ಒಪ್ಪಿಕೊಂಡೆ. ನನಗೆ ಹೇಳಬೇಕಾಗಿರುವುದು ಒಂದೇ ಮಾತು. ಮೊದಲೇ ಹೇಳಿಬಿಡುತ್ತೇನೆ. ತರಗತಿಯಲ್ಲಿ ಯಾವ ವಿಜ್ಞಾನ ಕಲಿಸಬೇಕು ಎಂಬುದನ್ನು ವಿಜ್ಞಾನ ಓದಿದವರು ಹೇಳಬೇಕು. ತಲೆ ಎಣಿಸಿ ತೀರ್ಮಾನ ಮಾಡುವ ವಿಷಯ ಅದಲ್ಲ. ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾ ಕೇಳುತ್ತಿರುವವರು ಇಷ್ಟು ನೆನಪಿಟ್ಟುಕೊಂಡರೂ ಸಾಕು.

ಮೂಲಭೂತವಾದ ಎಂಬ ಮಾತನ್ನು ನಾವು ಈಗ ಯಾರಿಗೆ ಬೇಕಾದರೂ ಅಂಟಿಸುತ್ತೇವೆ. ಆದರೆ ಆ ಹೆಸರು ಹುಟ್ಟಿದ್ದು ಅಮೆರಿಕದ ಪ್ರಾಟೆಸ್ಟಂಟ್ ಕ್ರೈಸ್ತರ ನಡುವೆ. ಕ್ಯಾಲಿಫೋರ್ನಿಯಾದ ಎಣ್ಣೆ ವ್ಯಾಪಾರಿ ಲೈಮನ್ ಸ್ಟುವರ್ಟ್ ಎಂಬಾತ 1910ರಿಂದ 1915ರ ನಡುವೆ ಹನ್ನೆರಡು ಪುಸ್ತಿಕೆಗಳ ಒಂದು ಮಾಲೆಗೆ ದುಡ್ಡು ಕೊಟ್ಟ. ನಮ್ಮ ಧರ್ಮದ ಬುನಾದಿ ಇವು, ಇದರಲ್ಲಿ ರಾಜಿ ಇಲ್ಲ ಎಂದು ಹೇಳುವ ಬರಹಗಳು. ಪಾದ್ರಿಗಳಿಗೆ, ಮೇಷ್ಟ್ರುಗಳಿಗೆ ಲಕ್ಷಗಟ್ಟಲೆ ಪ್ರತಿಗಳನ್ನು ಪುಕ್ಕಟೆ ಹಂಚಿದರು. ಆ ಬುನಾದಿಗಾಗಿ ಹೋರಾಡುವವರು ನಾವು ಎಂದು ಕೆಲವರು 1920ರಲ್ಲಿ ತಾವೇ ಹೆಮ್ಮೆಯಿಂದ ಈ ಹೆಸರು ಇಟ್ಟುಕೊಂಡರು. ಅದು ಅವರಿಗೆ ಬೈಗುಳ ಆಗಿರಲಿಲ್ಲ.

ಈಗ ಟೆನ್ನೆಸಿ ರಾಜ್ಯಕ್ಕೆ ಬರೋಣ. ಅಲ್ಲಿ ಜಾನ್ ಬಟ್ಲರ್ ಎಂಬ ರೈತ ಇದ್ದ. ಶಾಸನಸಭೆಗೂ ಆರಿಸಿ ಬಂದಿದ್ದ. ಒಮ್ಮೆ ಚರ್ಚಿನಲ್ಲಿ ಪಾದ್ರಿ ಹೇಳಿದ ಒಂದು ಕತೆ ಅವನ ಮನಸ್ಸಿಗೆ ನಾಟಿಬಿಟ್ಟಿತು. ಊರಿನ ಒಬ್ಬ ಹುಡುಗಿ ಓದಲು ವಿಶ್ವವಿದ್ಯಾಲಯಕ್ಕೆ ಹೋದಳಂತೆ. ಮರಳಿ ಬಂದಾಗ ಅವಳಿಗೆ ದೇವರ ಮೇಲಿನ ನಂಬಿಕೆ ಹೋಗಿ ವಿಕಾಸವಾದ ಹಿಡಿದಿತ್ತಂತೆ. ಬಟ್ಲರನಿಗೂ ಮಕ್ಕಳಿದ್ದರು. ಅವನು ದಿಗಿಲುಬಿದ್ದ.

ಆ ದಿಗಿಲನ್ನು ಸುಮ್ನೆ ತಳ್ಳಿಹಾಕಬೇಡಿ. 1910ರಲ್ಲಿ ಟೆನ್ನೆಸಿಯ ಹೈಸ್ಕೂಲುಗಳಲ್ಲಿ ಇದ್ದ ಮಕ್ಕಳು ಹತ್ತು ಸಾವಿರಕ್ಕಿಂತ ಕಡಿಮೆ. ಹದಿನೈದು ವರ್ಷದಲ್ಲಿ ಅದು ಐವತ್ತು ಸಾವಿರ ದಾಟಿತು. ಅಂದರೆ ಜೋಳ, ಹೊಗೆಸೊಪ್ಪು ಬೆಳೆಯುವ ಮನೆಗಳಿಂದ ಮೊದಲ ಸಲ ಮಕ್ಕಳು ಹೈಸ್ಕೂಲಿಗೆ ಹೋದರು. ಸಂಜೆ ಮನೆಗೆ ಬಂದು, ಮನುಷ್ಯ ಬೇರೆ ಪ್ರಾಣಿಗಳಿಂದ ಬಂದನಂತೆ ಎಂದರು. ತೆರಿಗೆ ಕಟ್ಟುವವರು ನಾವು, ಶಾಲೆ ನಮ್ಮದು, ಮಕ್ಕಳು ನಮ್ಮವರು ಎಂದು ಅಪ್ಪ ಅಮ್ಮಂದಿರಿಗೆ ಅನ್ನಿಸುವುದು ಸಹಜ ಅಲ್ವಾ?

ಆದರೆ ಮುಂದೆ ಆದದ್ದು ನೋಡಿ. ಮನುಷ್ಯ ಕೆಳಗಿನ ಪ್ರಾಣಿಗಳಿಂದ ಬಂದ ಎಂದು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದರೆ ಅಪರಾಧ, ನೂರರಿಂದ ಐನೂರು ಡಾಲರ್ ದಂಡ. ಬಟ್ಲರ್ ಇಂಥ ಮಸೂದೆ ಬರೆದ. ಕೆಳಮನೆಯಲ್ಲಿ ಪರವಾಗಿ 71, ವಿರುದ್ಧ 5. ಮಾರ್ಚ್ 1925ರಲ್ಲಿ ಕಾನೂನಾಯಿತು. ಎಪ್ಪತ್ತೊಂದು ಜನ ಕೈ ಎತ್ತಿದರೆ ಬಂಡೆಯ ವಯಸ್ಸು ಕಡಿಮೆ ಆಗುತ್ತದೆಯೇ? ತಲೆ ಎಣಿಸುವ ಕೆಲಸ ಅದಲ್ಲ ಎಂದು ನಾನು ಹೇಳಿದ್ದು ಇದಕ್ಕೇ.

ಈ ಕಾನೂನಿನ ಮೇಲೆ ಕೇಸು ನಡೆದದ್ದು ಡೇಟನ್ನಿನಲ್ಲಿ, ಅದೇ ರಾಜ್ಯದ ಪುಟ್ಟ ಊರು. ಆಗ ಸುಮಾರು 1,800 ಜನ. ಸುತ್ತ ಗುಡ್ಡ, ಸ್ಟ್ರಾಬೆರಿ ತೋಟ. ನನ್ನ ಮಗಳು ಅಟ್ಲಾಂಟಾದಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಹಟ ಹಿಡಿದು ಕಾರಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗುವಂತೆ ಮಾಡಿದೆ. ಕೆಂಪು ಇಟ್ಟಿಗೆಯ ಕೋರ್ಟು ಕಟ್ಟಡ ಈಗಲೂ ಹಾಗೇ ನಿಂತಿದೆ. ಮೇಲಿನ ಮಹಡಿಯಲ್ಲಿ ವಿಚಾರಣೆ ನಡೆದ ಕೋಣೆ, ಕೆಳಗೆ ನೆಲಮಾಳಿಗೆಯಲ್ಲಿ ಮ್ಯೂಸಿಯಂ. ಮರದ ನೆಲ ಕಾಲಿಟ್ಟರೆ ಕಿರ್ ಎನ್ನುತ್ತದೆ. ಹಿಂದಿನ ಸಾಲಿನಲ್ಲಿ ಒಂದು ಕುರ್ಚಿಯಲ್ಲಿ ಕೂತೆ. ಅರ್ಧ ಗಂಟೆ ಎದ್ದೇಳಲು ಮನಸ್ಸೇ ಬರಲಿಲ್ಲ.

ಕತೆ ಶುರುವಾಗಿದ್ದು ಕೋರ್ಟಿನಲ್ಲಲ್ಲ, ರಾಬಿನ್ಸನ್ ಎಂಬುವರ ಔಷಧಿ ಅಂಗಡಿಯಲ್ಲಿ. ಔಷಧಿಯ ಜೊತೆಗೆ ಸೋಡಾ, ಐಸ್‌ಕ್ರೀಮು, ಹರಟೆ ಎಲ್ಲ ಸಿಗುವ ಜಾಗ. ಈ ಕಾನೂನನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಮುಂದೆ ಬರುವ ಮೇಷ್ಟ್ರಿಗೆ ನಾವು ನೆರವಾಗುತ್ತೇವೆ ಎಂದು ನಾಗರಿಕ ಹಕ್ಕುಗಳ ಸಂಘವೊಂದು ಪೇಪರಿನಲ್ಲಿ ಪ್ರಕಟಿಸಿತ್ತು. ಊರಿನ ಗಣಿಗಳನ್ನು ನೋಡಿಕೊಳ್ಳುತ್ತಿದ್ದ ಜಾರ್ಜ್ ರಾಪಲ್ಯೇ ಅದನ್ನು ಓದಿ ಅಂಗಡಿಗೆ ಬಂದ. ಇಲ್ಲೇ ಕೇಸು ಮಾಡಿದರೆ ಊರಿಗೆ ಹೆಸರು ಬರುತ್ತದೆ, ವ್ಯಾಪಾರ ಬರುತ್ತದೆ ಎಂದ. ಗಣಿ ಕೆಲಸ ಬಿದ್ದುಹೋಗಿ ಊರು ಸೊರಗಿತ್ತು. ಎಲ್ಲರಿಗೂ ಹಿಡಿಸಿತು.

ಜಾನ್ ಸ್ಕೋಪ್ಸ್ ಎಂಬ ಹುಡುಗನಿಗೆ ಹೇಳಿ ಕಳಿಸಿದರು. ಇಪ್ಪತ್ನಾಲ್ಕು ವರ್ಷ, ಹೈಸ್ಕೂಲಿನ ಮೇಷ್ಟ್ರು, ಫುಟ್ಬಾಲ್ ಕೋಚು. ಟೆನಿಸ್ ಆಡುತ್ತಿದ್ದವನು ಹಾಗೇ ಬೆವರಿಳಿಸಿಕೊಂಡು ಬಂದ. ವಿಕಾಸವಾದ ಬಿಟ್ಟು ಜೀವಶಾಸ್ತ್ರ ಕಲಿಸಲು ಆಗುತ್ತದೆಯೇ ಎಂದು ಕೇಳಿದರು. ಆಗುವುದಿಲ್ಲ ಎಂದ. ಎದ್ದು ಹೋಗಿ, ಅದೇ ಅಂಗಡಿಯ ಕಪಾಟಿನಿಂದ ಶಾಲೆಯ ಪಠ್ಯಪುಸ್ತಕ ತೆಗೆದು ತಂದು ತೋರಿಸಿದ. ಡಾರ್ವಿನ್ ಅದರಲ್ಲೇ ಇದ್ದ! ಅದು ರಾಜ್ಯ ಸರ್ಕಾರವೇ ಒಪ್ಪಿಗೆ ಕೊಟ್ಟ ಪುಸ್ತಕ. ಮಾರುತ್ತಿದ್ದವರು ರಾಬಿನ್ಸನ್. ಅವರೇ ಅಲ್ಲಿನ ಶಾಲಾ ಮಂಡಳಿಯ ಅಧ್ಯಕ್ಷರು. ಒಂದು ಕೈ ಈ ಪುಸ್ತಕ ಓದಿಸಿ ಎನ್ನುತ್ತದೆ, ಇನ್ನೊಂದು ಕೈ ಓದಿಸಿದರೆ ದಂಡ ಎನ್ನುತ್ತದೆ. ನಡುವೆ ಸಿಕ್ಕಿಕೊಳ್ಳುವವನು ಯಾರು? ಮೇಷ್ಟ್ರು. ಯಾವಾಗಲೂ ಮೇಷ್ಟ್ರೇ.

ಜುಲೈ 10ಕ್ಕೆ ವಿಚಾರಣೆ ಶುರುವಾಯಿತು. ಸುಡು ಬಿಸಿಲು. ಸರ್ಕಾರದ ಕಡೆ ವಿಲಿಯಂ ಜೆನಿಂಗ್ಸ್ ಬ್ರಯನ್. ಮೂರು ಸಲ ಅಧ್ಯಕ್ಷ ಚುನಾವಣೆಗೆ ನಿಂತು ಸೋತವರು, ಬಡ ರೈತರ ಪರ ಜೀವನಪೂರ್ತಿ ಹೊಡೆದಾಡಿದವರು. ಸ್ಕೋಪ್ಸ್ ಕಡೆ ಕ್ಲಾರೆನ್ಸ್ ಡಾರೋ, ದೇಶದಲ್ಲೇ ಹೆಸರಾದ ವಕೀಲ. ರೇಡಿಯೋ ಕೇಳುತ್ತಿರುವ ನಿಮಗೆ ಇದು ಗೊತ್ತಿರಲಿ. ಅಮೆರಿಕದಲ್ಲಿ ಕೋರ್ಟು ವಿಚಾರಣೆಯೊಂದು ರೇಡಿಯೋದಲ್ಲಿ ನೇರವಾಗಿ ಪ್ರಸಾರವಾದದ್ದು ಇದೇ ಮೊದಲು. ಷಿಕಾಗೋದ ಡಬ್ಲ್ಯು.ಜಿ.ಎನ್. ಕೇಂದ್ರ ಟೆಲಿಫೋನ್ ತಂತಿಯ ಮೇಲೆ ಡೇಟನ್ನಿನ ಮಾತನ್ನು ಷಿಕಾಗೋಗೆ ಒಯ್ದು ಬಿತ್ತರಿಸಿತು. ಮೈಕುಗಳಿಗಾಗಿ ಕೋರ್ಟಿನ ಕುರ್ಚಿ ಮೇಜುಗಳನ್ನೇ ಅತ್ತಿತ್ತ ಸರಿಸಿದರು.

ಸಾಕ್ಷಿಗೆ ಹದಿನಾಲ್ಕು ವರ್ಷದ ಒಬ್ಬ ಹುಡುಗನನ್ನು ಕರೆದರು, ಸ್ಕೋಪ್ಸ್ ಶಿಷ್ಯ. ಮೇಷ್ಟ್ರು ಏನು ಹೇಳಿಕೊಟ್ಟರು ಎಂದು ಕೇಳಿದ್ದಕ್ಕೆಲ್ಲ ಹುಡುಗ ಹೇಳಿದ. ಕೊನೆಗೆ ಡಾರೋ, ಇದರಿಂದ ನಿನಗೇನೂ ಕೆಡುಕಾಗಲಿಲ್ಲ ತಾನೇ ಎಂದರು. ಇಲ್ಲ ಸಾರ್ ಎಂದ. ಅಷ್ಟೇ. ನನಗೆ ಇಡೀ ವಿಚಾರಣೆಯಲ್ಲಿ ತುಂಬ ಇಷ್ಟವಾಗುವ ಉತ್ತರ ಇದು.

ಈಗ ಮುಖ್ಯ ವಿಷಯ. ಡಾರೋ ಕಡೆಯವರು ವಿಜ್ಞಾನಿಗಳ ಒಂದು ತಂಡವನ್ನೇ ಕರೆಸಿದ್ದರು. ಮೊದಲು ಕಟಕಟೆಗೆ ಬಂದವರು ಮೇನಾರ್ಡ್ ಮೆಟ್‌ಕಾಫ್, ಪ್ರಾಣಿಶಾಸ್ತ್ರಜ್ಞರು. ಚರ್ಚಿಗೆ ಹೋಗುವವರು, ಬೈಬಲ್ ತರಗತಿ ನಡೆಸಿದವರು. ನಂಬಿಕೆ, ವಿಜ್ಞಾನ ಎರಡೂ ಒಂದೇ ಮನೆಯಲ್ಲಿ ಇರಬಹುದು ಎಂಬುದಕ್ಕೆ ಅವರೇ ಸಾಕ್ಷಿ. ಆದರೆ ಜ್ಯೂರಿಯನ್ನು, ಅಂದರೆ ತಪ್ಪೋ ಸರಿಯೋ ಹೇಳಲು ಆರಿಸಿದ ಸಾಮಾನ್ಯ ಜನರನ್ನು, ಹೊರಗೆ ಕಳಿಸಿ ಅವರ ಮಾತು ಕೇಳಿದರು. ಆಮೇಲೆ ನ್ಯಾಯಾಧೀಶರು, ವಿಜ್ಞಾನಿಗಳ ಸಾಕ್ಷ್ಯ ಇಲ್ಲಿ ಬೇಡ ಎಂದುಬಿಟ್ಟರು. ವಿಕಾಸವಾದದ ಮೇಲಿನ ಕೇಸು, ಅದನ್ನು ಬಲ್ಲವರ ಮಾತು ಜ್ಯೂರಿಯ ಕಿವಿಗೇ ಬೀಳಲಿಲ್ಲ! ನೂರು ವರ್ಷ ಆಯಿತು, ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಬೇರೆ ದಾರಿ ಕಾಣದೆ ಡಾರೋ ಬ್ರಯನ್ನರನ್ನೇ ಸಾಕ್ಷಿಗೆ ಕರೆದರು. ಸೆಕೆಗೆ, ಜನರ ಭಾರಕ್ಕೆ ಹೆದರಿ ಅಂದು ಕಲಾಪವನ್ನು ಹೊರಗೆ ಹುಲ್ಲುಹಾಸಿನ ಮೇಲೆ ನಡೆಸಿದ್ದರು. ಮರದ ನೆರಳು, ಸಾವಿರಾರು ಜನ. ಬೈಬಲಿನಲ್ಲಿ ಹೇಳಿರುವ ಹಾಗೆ ಯೋನನನ್ನು ದೊಡ್ಡ ಮೀನು ನುಂಗಿದ್ದು ನಿಜವೇ, ಯೆಹೋಶುವ ಸೂರ್ಯನನ್ನು ನಿಲ್ಲಿಸಿದ್ದು ನಿಜವೇ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಭೂಮಿ ಆರು ದಿನದಲ್ಲಿ ಆಯಿತೇ ಎಂದಾಗ, ಇಪ್ಪತ್ನಾಲ್ಕು ಗಂಟೆಯ ಆರು ದಿನ ಅಲ್ಲ ಎಂದು ಬ್ರಯನ್ ಒಪ್ಪಿಕೊಂಡರು. ಮರುದಿನ ಜ್ಯೂರಿ ಒಂಬತ್ತೇ ನಿಮಿಷದಲ್ಲಿ ಸ್ಕೋಪ್ಸ್ ತಪ್ಪಿತಸ್ಥ ಎಂದಿತು. ನೂರು ಡಾಲರ್ ದಂಡ. ಐದು ದಿನ ಕಳೆದು, ಭಾನುವಾರ ಮಧ್ಯಾಹ್ನ ಮಲಗಿದ ಬ್ರಯನ್ ಡೇಟನ್ನಿನಲ್ಲೇ ನಿದ್ದೆಯಲ್ಲಿ ತೀರಿಕೊಂಡರು. ದಂಡವನ್ನು ಜ್ಯೂರಿ ಹಾಕಬೇಕಿತ್ತು, ನ್ಯಾಯಾಧೀಶರು ಹಾಕಿದ್ದು ತಪ್ಪು ಎಂಬ ಕಾರಣಕ್ಕೆ 1927ರಲ್ಲಿ ತೀರ್ಪು ಬಿದ್ದುಹೋಯಿತು. ಕಾನೂನು ಮಾತ್ರ 1967ರವರೆಗೂ ಇತ್ತು.

ಡೇಟನ್ ಕತೆ ಹೇಳುತ್ತಾ ಸಮಯ ಜಾಸ್ತಿಯೇ ಆಯಿತು. ಮುಂದಿನದನ್ನು ಬೇಗ ಹೇಳುತ್ತೇನೆ. ವಿಚಾರಣೆ ಆದ ಮೇಲೆ ಪ್ರಕಾಶಕರು ಹೆದರಿ ಪಠ್ಯಪುಸ್ತಕಗಳಲ್ಲಿ ವಿಕಾಸದ ಮಾತು ಕಡಿಮೆ ಮಾಡಿದರು. 1957ರಲ್ಲಿ ರಷ್ಯಾದ ಸ್ಪುಟ್ನಿಕ್ ಉಪಗ್ರಹ ಹಾರಿದ ಮೇಲೆ, ವಿಜ್ಞಾನದಲ್ಲಿ ಹಿಂದೆ ಬಿದ್ದೆವು ಎಂದು ಅಮೆರಿಕ ಎಚ್ಚೆತ್ತು, ಹೊಸ ಪುಸ್ತಕ ಬರೆಸಿತು. ಇಂಥ ನಿಷೇಧ ಸಂವಿಧಾನಕ್ಕೆ ವಿರುದ್ಧ ಎಂದು 1968ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎಲ್ಲವನ್ನೂ ದೇವರೇ ಸೃಷ್ಟಿಸಿದ ಎನ್ನುವ ಸೃಷ್ಟಿವಾದವನ್ನೂ ವಿಜ್ಞಾನ ಎಂದು ಜೊತೆಗೆ ಕಲಿಸಬೇಕೆಂಬ ಕಾನೂನನ್ನು 1987ರಲ್ಲಿ ಹೊಡೆದುಹಾಕಿತು. ಆದರೂ ದೇವರು ಮನುಷ್ಯನನ್ನು ಹತ್ತು ಸಾವಿರ ವರ್ಷದೊಳಗೆ ಈಗಿರುವ ಹಾಗೆಯೇ ಸೃಷ್ಟಿಸಿದ ಎಂದು 2024ರ ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 37 ಅಮೆರಿಕನ್ನರು ಹೇಳಿದ್ದಾರೆ. ಮನೆಯಲ್ಲಿ ಅವರು ಹಾಗೆ ನಂಬಲಿ, ಅದು ಅವರ ಹಕ್ಕು. ಪಾಠದ ಮಾತು ಬೇರೆ.

ಕೊನೆಯದಾಗಿ ಪೆನ್ಸಿಲ್ವೇನಿಯಾದ ಡೋವರ್, ಅದೂ ಹಳ್ಳಿಗಾಡೇ. 2004ರಲ್ಲಿ ಅಲ್ಲಿನ ಶಾಲಾ ಮಂಡಳಿ ಮತ ಹಾಕಿ ಒಂದು ನಿರ್ಣಯ ಮಾಡಿತು. ಜೀವಶಾಸ್ತ್ರದ ಪಾಠಕ್ಕೆ ಮುಂಚೆ ಮಕ್ಕಳಿಗೆ ಒಂದು ಹೇಳಿಕೆ ಓದಬೇಕು. ಡಾರ್ವಿನ್ ಹೇಳಿದ್ದು ಬರೀ ಒಂದು ಸಿದ್ಧಾಂತ, ಇದನ್ನೆಲ್ಲ ಯಾರೋ ಬುದ್ಧಿವಂತ ರೂಪಿಸಿದ ಎಂಬ ಇನ್ನೊಂದು ವಿವರಣೆ ಇದೆ, ಅದರ ಪುಸ್ತಕ ಲೈಬ್ರರಿಯಲ್ಲಿದೆ ಎಂದು. ಅದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ವಿಜ್ಞಾನದಲ್ಲಿ ಸಿದ್ಧಾಂತ ಎಂದರೆ ಊಹೆ ಅಲ್ಲ. ಪುರಾವೆಯ ಮೇಲೆ ಪುರಾವೆ ಸೇರಿ ನಿಂತ ವಿವರಣೆ ಅದು. ಇದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ.

ಜನವರಿ 2005ರಲ್ಲಿ ಆ ಹೇಳಿಕೆ ಓದುವ ದಿನ ಬಂತು. ಅಲ್ಲಿನ ಜೀವಶಾಸ್ತ್ರ ಶಿಕ್ಷಕರು ಓದಲಿಲ್ಲ. ಮಕ್ಕಳಿಗೆ ಸುಳ್ಳು ಹೇಳಿದ ಹಾಗಾಗುತ್ತದೆ, ನಮ್ಮಿಂದಾಗದು ಎಂದು ಬರೆದು ಕೊಟ್ಟರು. ಚರ್ಚಿಗೆ ಹೋಗುವ ಜನವೂ ಅವರಲ್ಲಿದ್ದರು. ಕೊನೆಗೆ ಆಡಳಿತದವರೇ ತರಗತಿಗೆ ಬಂದು ಓದಬೇಕಾಯಿತು. ಕೆಲವು ಮಕ್ಕಳೂ ಎದ್ದು ಹೊರಗೆ ಹೋದರು. ಹನ್ನೊಂದು ಜನ ಪೋಷಕರು ಅದಕ್ಕೂ ಮುಂಚೆಯೇ ಕೋರ್ಟಿಗೆ ಹೋಗಿದ್ದರು. ಈ ಸಲ ವಿಜ್ಞಾನಿಗಳು ಕಟಕಟೆಯಲ್ಲಿ ನಿಂತು ಗಂಟೆಗಟ್ಟಲೆ ಮಾತಾಡಿದರು, ನ್ಯಾಯಾಧೀಶ ಜಾನ್ ಜೋನ್ಸ್ ಪೂರ್ತಿ ಕೇಳಿದರು. ಇದು ವಿಜ್ಞಾನವಲ್ಲ ಎಂದು ಆ ವರ್ಷ ಡಿಸೆಂಬರ್ 20ರಂದು ತೀರ್ಪು ಬರೆದರು. ಅಷ್ಟರೊಳಗೆ ನವೆಂಬರಿನ ಚುನಾವಣೆಯಲ್ಲಿ ಊರಿನವರೇ ಆ ಮಂಡಳಿಯ ಎಂಟು ಜನರನ್ನು ಸೋಲಿಸಿದ್ದರು. ಹೊಸ ಮಂಡಳಿ ಬಂದು ಆ ನಿರ್ಣಯವನ್ನು ತೆಗೆದುಹಾಕಿತು, ಶಿಕ್ಷಕರು ತಮ್ಮ ಪಾಠ ಮುಂದುವರಿಸಿದರು.

ನಮಸ್ಕಾರ.