ಟೆಸ್ಟೋಸ್ಟೆರಾನ್ ಜೆಲ್: ಹಚ್ಚಿಕೊಳ್ಳುವ ಹಿರಿಯರು, ಹತ್ತಿರ ಬರುವ ಮಕ್ಕಳು

ಕೇಳುಗರೆ, ನಮಸ್ಕಾರ.

ವಯಸ್ಸಾದ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಎಂಬ ಪುರುಷ ಹಾರ್ಮೋನಿನ ಕೊರತೆ ರಕ್ತಪರೀಕ್ಷೆಯಿಂದ ಖಚಿತವಾದಾಗ ವೈದ್ಯರು ಕೆಲವರಿಗೆ ಭುಜಕ್ಕೋ ತೋಳಿಗೋ ದಿನವೂ ಹಚ್ಚಿಕೊಳ್ಳುವ ಜೆಲ್ ಬರೆದುಕೊಡುತ್ತಾರೆ. ಸೂಜಿಯ ನೋವಿಲ್ಲದ ಈ ಔಷಧವನ್ನು ನೋವಿನ ಮುಲಾಮಿನಷ್ಟೇ ಹಗುರವಾಗಿ ಕಾಣುವವರು ಬಹಳ. ಆದರೆ ಚರ್ಮದ ಮೂಲಕ ರಕ್ತಕ್ಕಿಳಿದು ಇಡೀ ದೇಹವನ್ನು ತಲುಪುವುದೇ ಇದರ ಕೆಲಸ. ಹಚ್ಚಿದ ಜಾಗದ ತುರಿಕೆ, ಕೆಂಪು ಇವೆಲ್ಲ ಸಣ್ಣ ತೊಂದರೆಗಳು.

ಮುಖ್ಯವಾದುದು ರಕ್ತ. ಈ ಹಾರ್ಮೋನು ಕೆಂಪು ರಕ್ತಕಣಗಳನ್ನು ಹೆಚ್ಚಿಸಿ ರಕ್ತವನ್ನು ಗಟ್ಟಿಯಾಗಿಸಬಲ್ಲದು; ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇಕಡಾ 54ನ್ನು ದಾಟಿದರೆ ಸಾಮಾನ್ಯವಾಗಿ ಔಷಧವನ್ನು ನಿಲ್ಲಿಸಲಾಗುತ್ತದೆ. ಪ್ರಾಸ್ಟೇಟ್ ಗ್ರಂಥಿಯ ಮೇಲೆ ಕಣ್ಣಿಡಲು ಪಿಎಸ್‌ಎ ಎಂಬ ರಕ್ತಪರೀಕ್ಷೆಯೂ ಆಗುತ್ತಿರಬೇಕು.

ಹೃದಯದ ವಿಚಾರದಲ್ಲಿ ವೈದ್ಯಲೋಕದ ಅಭಿಪ್ರಾಯ ಬದಲಾಗುತ್ತ ಬಂದಿದೆ. ಅಮೆರಿಕದಲ್ಲಿ, ನಡೆದಾಡಲು ಕಷ್ಟಪಡುತ್ತಿದ್ದ 65 ದಾಟಿದ 209 ಗಂಡಸರ ಮೇಲೆ ನಡೆಯುತ್ತಿದ್ದ ಜೆಲ್ ಅಧ್ಯಯನವನ್ನು 2009ರ ಡಿಸೆಂಬರಿನಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಕಾಲಿನ ಬಲವೇನೋ ಹೆಚ್ಚಿತ್ತು, ಆದರೆ ಹೃದಯ ಮತ್ತು ರಕ್ತನಾಳಗಳ ತೊಂದರೆ ಔಷಧ ಪಡೆದವರಲ್ಲಿ 23 ಮಂದಿಗೆ, ಹುಸಿ ಜೆಲ್ ಪಡೆದವರಲ್ಲಿ 5 ಮಂದಿಗೆ ಕಾಣಿಸಿತ್ತು. ಐದು ಸಾವಿರಕ್ಕೂ ಹೆಚ್ಚು ಮಂದಿ ಭಾಗವಹಿಸಿದ, 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಅಧ್ಯಯನವು ಹೃದಯಾಘಾತ ಮತ್ತು ಪಾರ್ಶ್ವವಾಯು ಹೆಚ್ಚಲಿಲ್ಲವೆಂದು ತೋರಿಸಿತು. ಇದು ನೆಮ್ಮದಿಯ ಸುದ್ದಿಯೇ. ಆದರೆ ಅದೇ ಅಧ್ಯಯನದಲ್ಲಿ ಹೃದಯಬಡಿತದ ಏರುಪೇರು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಮತ್ತು ಮೂತ್ರಪಿಂಡದ ಹಠಾತ್ ತೊಂದರೆ ಸ್ವಲ್ಪ ಹೆಚ್ಚಾಗಿ ಕಂಡವು; ಮೂಳೆ ಗಟ್ಟಿಯಾದೀತೆಂಬ ನಿರೀಕ್ಷೆಗೆ ವಿರುದ್ಧವಾಗಿ ಮೂಳೆಮುರಿತಗಳೂ ಹೆಚ್ಚಿದವು.

ನಾನು ಹೆಚ್ಚು ಒತ್ತಿ ಹೇಳಬಯಸುವುದು, ಔಷಧವನ್ನೇ ಬಳಸದವರಿಗೆ ಆಗುವ ಹಾನಿಯನ್ನು. 2009ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಈ ಜೆಲ್‌ಗಳ ಮೇಲೆ ಅತ್ಯಂತ ಗಂಭೀರ ಸ್ವರೂಪದ ಎಚ್ಚರಿಕೆಯನ್ನು ಮುದ್ರಿಸುವಂತೆ ಆದೇಶಿಸಿತು. ದೊಡ್ಡವರ ಮೈಯಿಂದ ಜೆಲ್ ತಗುಲಿದ ಪುಟ್ಟ ಮಕ್ಕಳಲ್ಲಿ ಜನನಾಂಗ ಹಿಗ್ಗಿತ್ತು, ಗುಪ್ತಾಂಗದ ಕೂದಲು ಮೂಡಿತ್ತು, ಮೂಳೆಗಳು ವಯಸ್ಸಿಗೆ ಮೀರಿ ಬಲಿತಿದ್ದವು. ಸಂಪರ್ಕ ತಪ್ಪಿಸಿದ ಮೇಲೆ ಹೆಚ್ಚಿನ ಲಕ್ಷಣಗಳು ಇಳಿದರೂ ಕೆಲವು ಮಕ್ಕಳಲ್ಲಿ ಪೂರ್ತಿ ಇಳಿಯಲಿಲ್ಲ. ಸೆಕೆಗೆ ಅಂಗಿ ಕಳಚಿ ಕೂತ ಅಜ್ಜನ ಹೆಗಲನ್ನು ಮೊಮ್ಮಕ್ಕಳು ಏರುವ ನಮ್ಮ ಮನೆಗಳಲ್ಲಿ ಇದನ್ನು ಮರೆಯುವಂತಿಲ್ಲ. ಹಚ್ಚಿದ ಕೂಡಲೇ ಸೋಪಿನಿಂದ ಕೈ ತೊಳೆಯಬೇಕು, ಜೆಲ್ ಒಣಗಿದ ಮೇಲೆ ಆ ಭಾಗವನ್ನು ಅಂಗಿಯಿಂದ ಮುಚ್ಚಬೇಕು, ಯಾರಿಗಾದರೂ ಚರ್ಮ ತಗುಲುವ ಸಂದರ್ಭವಿದ್ದರೆ ಮೊದಲೇ ಅದನ್ನು ತೊಳೆದುಕೊಳ್ಳಬೇಕು. ಗರ್ಭಿಣಿಯರಂತೂ ಅದನ್ನು ಮುಟ್ಟಲೇಬಾರದು.

ಮಗುವಿನಲ್ಲಿ ಇಂಥ ಲಕ್ಷಣ ಕಂಡರೆ, ಅಜ್ಜ ಜೆಲ್ ಬಳಸುತ್ತಿರುವುದನ್ನು ಸಂಕೋಚಪಡದೆ ಮಕ್ಕಳ ವೈದ್ಯರಿಗೆ ಮೊದಲೇ ತಿಳಿಸಿ. ಕಾರಣ ಗೊತ್ತಾಗುವುದು ತಡವಾಗಿ, ಒಂದು ಮಗುವಾದರೂ ಶಸ್ತ್ರಚಿಕಿತ್ಸೆಗೆ ಒಳಗಾದುದು ಎಫ್‌ಡಿಎ ದಾಖಲೆಯಲ್ಲಿದೆ.