ಆಂಡಿ ಕಾಫ್‌ಮನ್‌ರನ್ನು ಬಿಡಿಸಿ ಹೇಳಲು ಹೋದ ಚಿತ್ರ

ನಮಸ್ಕಾರ. ಅಮೆರಿಕದ ಹಾಸ್ಯಕಲಾವಿದ ಆಂಡಿ ಕಾಫ್‌ಮನ್ ಅವರ ಬದುಕನ್ನು ಆಧರಿಸಿ ಮಿಲೋಷ್ ಫೋರ್ಮನ್ ನಿರ್ದೇಶಿಸಿದ ‘ಮ್ಯಾನ್ ಆನ್ ದ ಮೂನ್’ ಚಿತ್ರ 1999ರಲ್ಲಿ ತೆರೆಗೆ ಬಂತು. ಕಾಫ್‌ಮನ್ ಅವರನ್ನು ಬಹಳ ಇಷ್ಟಪಡುವ ನನಗೆ ಈ ಚಿತ್ರ ತೀವ್ರ ನಿರಾಸೆ ಉಂಟುಮಾಡಿತು.

1975ರ ಅಕ್ಟೋಬರ್ 11ರಂದು ಪ್ರಸಾರವಾದ ‘ಸ್ಯಾಟರ್‌ಡೇ ನೈಟ್ ಲೈವ್’ ಎಂಬ ಟಿವಿ ಹಾಸ್ಯ ಕಾರ್ಯಕ್ರಮದ ಮೊದಲ ಸಂಚಿಕೆಯಲ್ಲಿ ಕಾಫ್‌ಮನ್ ರೆಕಾರ್ಡ್ ಪ್ಲೇಯರ್ ಪಕ್ಕದಲ್ಲಿ ನಿಂತು, ‘ಮೈಟಿ ಮೌಸ್’ ಕಾರ್ಟೂನಿನ ಹಾಡು ಹಾಕಿ, ಸುಮ್ಮನೆ ನಿಂತುಬಿಡುತ್ತಾರೆ. ಹಾಡು ತನ್ನ ಪಾಡಿಗೆ ಸಾಗುತ್ತಿರುತ್ತದೆ, ಅವರು ಚಡಪಡಿಸುತ್ತಿರುತ್ತಾರೆ; ನಾಯಕನ ಆ ಒಂದು ಸಾಲು ಬಂದಾಗ ಮಾತ್ರ ಠೀವಿಯಿಂದ ಕೈ ಎತ್ತಿ ತುಟಿ ಆಡಿಸುತ್ತಾರೆ, ಮರುಕ್ಷಣವೇ ಮತ್ತೆ ಪೆಚ್ಚಾಗಿ ನಿಲ್ಲುತ್ತಾರೆ. ನಡುವೆ ಒಮ್ಮೆ ನೀರು ಕುಡಿಯುತ್ತಾರೆ. ಈ ಮನುಷ್ಯ ನಿಜಕ್ಕೂ ಹೆದರಿದ್ದಾನೆಯೇ ಅಥವಾ ನಮ್ಮನ್ನು ಆಟವಾಡಿಸುತ್ತಿದ್ದಾನೆಯೇ ಎಂದು ತಿಳಿಯದೆ ನೋಡುಗನಿಗೆ ಆಗುವ ಇರಿಸುಮುರಿಸೇ ಅವರ ಕಲೆಯ ಜೀವಾಳ.

ಚಿತ್ರದಲ್ಲಿ ಕಾಫ್‌ಮನ್ ಪಾತ್ರ ಮಾಡಿರುವ ಜಿಮ್ ಕ್ಯಾರಿ ಆ ಕಣ್ಣೋಟವನ್ನೂ ಆ ದನಿಯನ್ನೂ ಬೆರಗಾಗುವಷ್ಟು ನಿಖರವಾಗಿ ತಂದಿದ್ದಾರೆ. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಕ್ಯಾಮೆರಾ ಆಗಾಗ ಸಭಿಕರ ಮುಖಗಳತ್ತ ತಿರುಗಿ, ಇಲ್ಲಿ ಗಲಿಬಿಲಿಯಾಗಬೇಕು, ಇಲ್ಲಿ ನಗಬೇಕು ಎಂದು ನಮ್ಮ ಪರವಾಗಿ ತಾನೇ ತೀರ್ಮಾನಿಸಿಬಿಡುತ್ತದೆ.

ಕುಸ್ತಿಯ ಪ್ರಸಂಗದಲ್ಲಂತೂ ನಷ್ಟ ಇನ್ನೂ ದೊಡ್ಡದು. 1982ರಲ್ಲಿ ಮೆಂಫಿಸ್‌ನ ಕುಸ್ತಿಪಟು ಜೆರ್ರಿ ಲಾಲರ್ ಅವರೊಂದಿಗೆ ಕಾಫ್‌ಮನ್ ಅಖಾಡಕ್ಕಿಳಿದರು. ಅದೇ ವರ್ಷ ಡೇವಿಡ್ ಲೆಟರ್‌ಮನ್ ಅವರ ಟಿವಿ ಹರಟೆ ಕಾರ್ಯಕ್ರಮದಲ್ಲಿ ಲಾಲರ್, ಕಾಫ್‌ಮನ್ ಅವರ ಕೆನ್ನೆಗೆ ಹೊಡೆದರು. ಇದೆಲ್ಲ ಮೊದಲೇ ಮಾತಾಡಿಕೊಂಡು ನಡೆಸಿದ ಆಟ ಎಂಬುದು ಬಯಲಾದದ್ದು ಕಾಫ್‌ಮನ್ ತೀರಿಕೊಂಡು ವರ್ಷಗಳು ಕಳೆದ ಮೇಲೆ. ಅವರು ಸಾಯುವವರೆಗೂ ಕಾಪಾಡಿಕೊಂಡ ಈ ಗುಟ್ಟನ್ನು ಚಿತ್ರ ಕೆಲವೇ ದೃಶ್ಯಗಳಲ್ಲಿ ಬಿಟ್ಟುಕೊಡುತ್ತದೆ. ನೋಡುಗ ಒಳಗಿನವನಾಗಿಬಿಡುತ್ತಾನೆ, ಕಾಫ್‌ಮನ್ ಎದುರು ಯಾರೂ ಒಳಗಿನವರಾಗಿರಬಾರದಿತ್ತು.

ನನ್ನನ್ನು ಹೆಚ್ಚು ನೋಯಿಸಿದ್ದು ನ್ಯೂಯಾರ್ಕಿನ ಸಭಾಂಗಣ ಕಾರ್ನೆಗಿ ಹಾಲ್‌ನ ಪ್ರಸಂಗ. 1979ರ ಏಪ್ರಿಲ್‌ನಲ್ಲಿ, ‘ಟ್ಯಾಕ್ಸಿ’ ಧಾರಾವಾಹಿಯಿಂದ ಮನೆಮಾತಾಗಿದ್ದ ದಿನಗಳಲ್ಲಿ, ಕಾರ್ಯಕ್ರಮ ಮುಗಿದ ಮೇಲೆ ಅವರು ಸಭಿಕರನ್ನೆಲ್ಲ ಬಸ್ಸುಗಳಲ್ಲಿ ಹತ್ತಿಸಿಕೊಂಡು ಹಾಲು ಬಿಸ್ಕತ್ತಿಗೆ ಕರೆದೊಯ್ದರು. ಚಿತ್ರದಲ್ಲಿ ಈ ಸಂಜೆ ಬರುವುದು ಅವರಿಗೆ ಕ್ಯಾನ್ಸರ್ ಇದೆಯೆಂದು ಗೊತ್ತಾದ ನಂತರ. ಅವರು ಶ್ವಾಸಕೋಶದ ಕ್ಯಾನ್ಸರಿನಿಂದ 35ನೇ ವಯಸ್ಸಿನಲ್ಲಿ ತೀರಿಕೊಂಡದ್ದು 1984ರ ಮೇ ತಿಂಗಳಲ್ಲಿ, ಅಂದರೆ ಆ ಸಂಜೆ ಕಳೆದು ಐದು ವರ್ಷಗಳಾದ ಮೇಲೆ. ಕಥೆಗಾಗಿ ಘಟನೆಗಳನ್ನು ಹಿಂದುಮುಂದು ಮಾಡುವುದು ಸಿನಿಮಾಗಳಲ್ಲಿ ಇದ್ದದ್ದೇ. ಆದರೆ ಈ ಬದಲಾವಣೆಯಿಂದ, ಗಟ್ಟಿಮುಟ್ಟಾದ ಒಬ್ಬ ಯುವಕ ಯಾವ ಕಾರಣವನ್ನೂ ಕೊಡದೆ ಸಾವಿರಾರು ಜನರಿಗೆ ಹಾಲು ಕುಡಿಸಿದ ಆ ಸೊಗಸಾದ ಹುಚ್ಚಾಟ, ಸಾವಿನಂಚಿನಲ್ಲಿರುವವನ ಬೀಳ್ಕೊಡುಗೆಯಾಗಿ ಅರ್ಥವಾಗಿಬಿಡುತ್ತದೆ.