ಇನ್ನೊಂದು ಆಫರ್ ಕೈಯಲ್ಲಿದ್ದಾಗ ಸಂಬಳ ಕೇಳುವ ಕ್ರಮ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಖಾಸಗಿ ಕಂಪನಿಗಳಲ್ಲಿ ಸಂಬಳ ಏರುವುದು ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಅಪ್ರೈಸಲ್ ಎಂಬ ಕೆಲಸದ ಮೌಲ್ಯಮಾಪನದ ಹೊತ್ತಿಗೆ. ಇಡೀ ತಂಡಕ್ಕೆ ಇಷ್ಟು ಎಂದು ಮೇಲಿನಿಂದ ಒಂದು ಮೊತ್ತ ಬರುತ್ತದೆ, ಮ್ಯಾನೇಜರ್ ಅದನ್ನು ಹಂಚುತ್ತಾರೆ. ಒಬ್ಬರಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬರ ಪಾಲು ತಗ್ಗಬೇಕು. ಹಾಗಾಗಿ ನಡುವರ್ಷದಲ್ಲಿ ಹೋಗಿ ಸಂಬಳ ಸಾಲದು ಎಂದರೆ, ‘ಅಪ್ರೈಸಲ್‌ನಲ್ಲಿ ನೋಡೋಣ’ ಎಂಬ ಉತ್ತರವೇ ಸಿಗುತ್ತದೆ. ನಡುವರ್ಷದಲ್ಲೂ ದುಡ್ಡು ಹೊರಬರುವುದು ಹೆಚ್ಚಾಗಿ ಒಂದೇ ಸಂದರ್ಭದಲ್ಲಿ: ಬೇಕಾದ ಕೆಲಸಗಾರ ಬಿಟ್ಟು ಹೋಗುತ್ತಾನೆ ಎನ್ನುವುದು ಖಚಿತವಾದಾಗ. ಇನ್ನೊಂದು ಕಂಪನಿಯ ಆಫರ್ ಲೆಟರ್‌ಗೆ ಇರುವ ಬೆಲೆ ಅದು.

ಆದರೆ ಮ್ಯಾನೇಜರ್ ಬಳಿ ಹೋಗುವ ಮೊದಲು ಆ ಲೆಟರನ್ನು ನೀವೇ ಸರಿಯಾಗಿ ಓದಬೇಕು. ಮೊದಲ ಪುಟದ ದೊಡ್ಡ ಅಂಕಿಯನ್ನು ಬಿಡಿ. ಕೊನೆಯಲ್ಲಿ ಅನೆಕ್ಷರ್ ಎಂಬ ಪಟ್ಟಿ ಇರುತ್ತದೆ, ಅಲ್ಲಿಗೆ ಬನ್ನಿ. ಈಗಿನ ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, 12 ಲಕ್ಷ; ಅದು ಪೂರ್ತಿ ಫಿಕ್ಸೆಡ್, ಅಂದರೆ ಏರಿಳಿತವಿಲ್ಲದ ಹಣ ಎಂದುಕೊಳ್ಳೋಣ. ಹೊಸ ಆಫರ್ 15 ಲಕ್ಷ. ಕೇಳಲು ನೂರಕ್ಕೆ ಇಪ್ಪತ್ತೈದು ಹೆಚ್ಚಳ. ಅನೆಕ್ಷರ್ ನೋಡಿದರೆ ಅದರೊಳಗೆ 1,00,000 ಜಾಯಿನಿಂಗ್ ಬೋನಸ್, 1,80,000 ವೇರಿಯಬಲ್ ಪೇ. ಎರಡನ್ನೂ ಕಳೆದರೆ ಉಳಿಯುವುದು 12,20,000. ಬೇಸಿಕ್, ಅಂದರೆ ಮೂಲ ವೇತನ, ಎರಡೂ ಕಡೆ ತಿಂಗಳಿಗೆ 50,000 ಇದ್ದರೆ, ಪಿಎಫ್ ಕಡಿತವೂ, ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಹಣದ ಕಡಿತವೂ ಒಂದೇ. ಅಂದರೆ ತಿಂಗಳ ಕೊನೆಗೆ ಬ್ಯಾಂಕಿಗೆ ಬೀಳುವ ಸಂಬಳದಲ್ಲಿ ವ್ಯತ್ಯಾಸ 1,700 ರೂಪಾಯಿಯೂ ಇಲ್ಲ.

ಜಾಯಿನಿಂಗ್ ಬೋನಸ್ ಒಂದೇ ಸಲದ್ದು. ಒಂದು ವರ್ಷದೊಳಗೆ ಬಿಟ್ಟರೆ ವಾಪಸು ಕೊಡಬೇಕೆಂಬ ಷರತ್ತೂ ಸಾಮಾನ್ಯವಾಗಿ ಇರುತ್ತದೆ. ವೇರಿಯಬಲ್ ಎನ್ನುವುದು ಕಂಪನಿಯ ಲಾಭ, ನಿಮ್ಮ ರೇಟಿಂಗ್ ಎರಡನ್ನೂ ನೋಡಿ ಕೊಡುವ ಹಣ. ಹಿಂದಿನ ಎರಡು ವರ್ಷ ನೂರಕ್ಕೆ ಎಷ್ಟು ಕೊಟ್ಟಿದ್ದಾರೆ ಎಂದು ಅಲ್ಲಿನ ಎಚ್‌ಆರ್ ಅವರನ್ನು ನೇರವಾಗಿ ಕೇಳಿ. ಉತ್ತರ ಬರದಿದ್ದರೆ ಅರ್ಧ ಎಂದು ಹಿಡಿಯುವುದು ಕ್ಷೇಮ.

ತೆರಿಗೆಯ ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಎಂಬ 75,000ದ ವಿನಾಯಿತಿ ಸೇರಿ 12,75,000 ರೂಪಾಯಿವರೆಗೆ ತೆರಿಗೆ ಇಲ್ಲ. 12 ಲಕ್ಷದ ಸಿಟಿಸಿಯವರು ಆ ಗೆರೆಯ ಕೆಳಗೇ ಇದ್ದಾರೆ. ಹೊಸ ಕಡೆ ಇಡೀ ಆರ್ಥಿಕ ವರ್ಷ ದುಡಿದು, ಬೋನಸ್ಸೂ ವೇರಿಯಬಲ್ಲೂ ಪೂರ್ತಿ ಕೈಗೆ ಬಂದರೆ, ಸಿಟಿಸಿಯಲ್ಲಿರುವ ಕಂಪನಿ ಪಾಲಿನ ಪಿಎಫ್, ಗ್ರಾಚ್ಯುಟಿ ಕಳೆದು ಸಂಬಳ 14 ಲಕ್ಷದ ಹತ್ತಿರ ಹೋಗುತ್ತದೆ, ಸೆಸ್ ಸೇರಿ ಸುಮಾರು 82,000 ತೆರಿಗೆ ಬೀಳುತ್ತದೆ. ಹೆಚ್ಚಳ ಇಲ್ಲ ಎಂದಲ್ಲ. ಮೂರು ಲಕ್ಷ ಹೆಚ್ಚಾಯಿತು ಎಂದು ಮನೆಯಲ್ಲಿ ಹೇಳಿ ಇಎಂಐ ಹಾಕಿಕೊಳ್ಳುವ ಮೊದಲು ಇದು ಗೊತ್ತಿರಲಿ.

ಗ್ರಾಚ್ಯುಟಿಯನ್ನೂ ನೋಡಿ. ಕಾಯಂ ನೌಕರರು ಐದು ವರ್ಷ ತುಂಬುವ ಮೊದಲು ತಾವಾಗಿ ಬಿಟ್ಟರೆ ಸಾಮಾನ್ಯವಾಗಿ ಅದು ಕೈತಪ್ಪುತ್ತದೆ. ಸಿಟಿಸಿಯಲ್ಲಿ ವರ್ಷ ವರ್ಷವೂ ತೋರಿಸಿದ ಹಣ ಅದು. ಕೊನೆಯ ಬೇಸಿಕ್ಕನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿದರೆ ಮೊತ್ತ ಸಿಗುತ್ತದೆ. 50,000 ಬೇಸಿಕ್, ಐದು ವರ್ಷ ಎಂದರೆ ಸುಮಾರು 1,44,000. ನಿಮಗೆ ನಾಲ್ಕೂವರೆ ವರ್ಷ ಆಗಿದ್ದರೆ, ಜಾಯಿನಿಂಗ್ ತಾರೀಖನ್ನು ಮುಂದೆ ತಳ್ಳುವ ಮಾತು ಆಡುವುದೇ ದೊಡ್ಡ ಚೌಕಾಶಿ. ಅಪ್ಪ ಅಮ್ಮನಿಗೆ ಆರೋಗ್ಯ ವಿಮೆ ಹೊಸ ಕಡೆ ಇದೆಯೇ, ರಾತ್ರಿ ಪಾಳಿಗೆ ಕ್ಯಾಬ್ ಇದೆಯೇ ಎನ್ನುವುದನ್ನೂ ಕೇಳಿಕೊಳ್ಳಿ.

ಇಷ್ಟಾದ ಮೇಲೆ ಕೇಳಬೇಕಾದ ಅಂಕಿ ತಾನಾಗಿ ಹೊರಬರುತ್ತದೆ. ಹೊಸ ಆಫರಿನ ಫಿಕ್ಸೆಡ್ 12,20,000. ಅದಕ್ಕೆ ವೇರಿಯಬಲ್‌ನ ಅರ್ಧ 90,000 ಸೇರಿಸಿ, 13,10,000. ಇದನ್ನು 13,20,000 ಎಂದು ಕೇಳಬಹುದು. ಈಗಿನ ಸಂಬಳದ ಮೇಲೆ ಅದು ಸರಿಯಾಗಿ ನೂರಕ್ಕೆ ಹತ್ತು. 15 ಲಕ್ಷ ಕೊಡಿ ಎಂದರೆ ಕಡತ ಎರಡು ಮೂರು ಮೇಜು ದಾಟಬೇಕು. ಹತ್ತು ಎಂದರೆ ಹಲವು ಕಡೆ ವಿಭಾಗದ ಮುಖ್ಯಸ್ಥರ ಸಹಿಯಲ್ಲೇ ಮುಗಿಯುತ್ತದೆ.

ಇನ್ನು ಸಮಯ. ಆಫರ್ ಲೆಟರಿನಲ್ಲಿ ಇಂಥ ದಿನದೊಳಗೆ ಒಪ್ಪಿಗೆ ಕೊಡಿ ಎಂದು ಬರೆದಿರುತ್ತಾರೆ. ಏಳು ದಿನ ಇದ್ದರೆ ಎರಡನೇ ದಿನವೇ ಮಾತಾಡಿ, ಐದನೇ ದಿನಕ್ಕೆ ಉತ್ತರ ಕೇಳಿ. ಕೊನೆಯ ಸಂಜೆ ಹೋದರೆ ಮ್ಯಾನೇಜರ್‌ಗೆ ಓಡಾಡಲು ಸಮಯವೇ ಇರುವುದಿಲ್ಲ. ರಿಕ್ರೂಟರ್ ಫೋನಿನಲ್ಲಿ ‘ಕನ್ಫರ್ಮ್ ಆಗಿದೆ’ ಅಂದದ್ದನ್ನು ನಂಬಿ ಮಾತಿಗೆ ಹೋಗಬೇಡಿ; ಸಹಿಯಾದ ಲೆಟರ್ ಬರಬೇಕು. ಪೋರ್ಟಲ್‌ನಲ್ಲಿ ರಾಜೀನಾಮೆಯ ಬಟನ್ ಒತ್ತಿ ಆಮೇಲೆ ಮಾತಾಡೋಣ ಎನ್ನುವವರೂ ಇದ್ದಾರೆ. ಬಟನ್ ಒತ್ತಿದ ದಿನದಿಂದ ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿಯ ಎಣಿಕೆ ಶುರು, ಬದಲಿ ವ್ಯಕ್ತಿಯ ಹುಡುಕಾಟವೂ ಶುರು. ಹಿಂತೆಗೆದುಕೊಳ್ಳಲು ಕಂಪನಿ ಒಪ್ಪಲೇಬೇಕೆಂದಿಲ್ಲ.

ಮಾತಾಡುವುದು ಎದುರೆದುರು, ಇಬ್ಬರೇ ಇರುವ ಕೋಣೆಯಲ್ಲಿ. ಮನೆಯಿಂದ ಕೆಲಸ ಮಾಡುವವರಾದರೆ ವಿಡಿಯೋ ಕಾಲ್. ಚಾಟ್‌ನಲ್ಲಿ ಬರೆದರೆ ಅದೇ ಸಾಲು ಎಚ್‌ಆರ್‌ಗೆ ಫಾರ್ವರ್ಡ್ ಆಗುತ್ತದೆ, ಧ್ವನಿಯ ಮೆದುತನ ಅಲ್ಲಿ ಕಾಣುವುದಿಲ್ಲ. ಹೇಳಬೇಕಾದದ್ದು ಇಷ್ಟೇ: ‘ಸರ್, ನನಗೆ ಹೊರಗಡೆಯಿಂದ ಒಂದು ಆಫರ್ ಬಂದಿದೆ. ಲೆಟರ್ ಕೈಗೆ ಸಿಕ್ಕಿದೆ, ಶುಕ್ರವಾರದೊಳಗೆ ಉತ್ತರ ಕೊಡಬೇಕು. ನನಗೆ ಇಲ್ಲೇ ಇರೋ ಮನಸ್ಸಿದೆ. ಫಿಕ್ಸೆಡ್ ಹದಿಮೂರು ಇಪ್ಪತ್ತು ಆದ್ರೆ ಅವರಿಗೆ ಬೇಡ ಅಂತ ಹೇಳ್ತೀನಿ. ಬುಧವಾರ ಸಂಜೆಗೆ ತಿಳಿಸ್ತೀರಾ?’ ಇಲ್ಲಿಗೆ ನಿಲ್ಲಿಸಿ. ಎದುರಿನವರು ಸುಮ್ಮನಿದ್ದರೆ ನೀವೂ ಸುಮ್ಮನಿರಿ. ಆ ಮೌನ ತಡೆಯಲಾರದೆ ‘ಹನ್ನೆರಡೂವರೆ ಆದ್ರೂ ಪರವಾಗಿಲ್ಲ ಸರ್’ ಎಂದು ತಾವೇ ಇಳಿಸಿಕೊಳ್ಳುವವರು ತುಂಬಾ ಜನ. ಮನೆ ಬಾಡಿಗೆ, ಮಕ್ಕಳ ಶಾಲೆ ಫೀಸು, ಪಕ್ಕದವರ ಸಂಬಳ ಇವು ಮೂರೂ ಈ ಕೋಣೆಯೊಳಗೆ ಬರಬಾರದು. ವರ್ಷದಲ್ಲಿ ನೀವು ಮಾಡಿ ಮುಗಿಸಿದ ಎರಡು ಕೆಲಸ ಮಾತ್ರ ತಲೆಯಲ್ಲಿರಲಿ. ಮ್ಯಾನೇಜರ್ ಮೇಲಿನವರ ಮುಂದೆ ವಾದ ಮಾಡಲು ಅವೇ ಬೇಕು.

ಯಾವ ಕಂಪನಿ ಎಂದು ಕೇಳುತ್ತಾರೆ. ಹೇಳಲೇಬೇಕೆಂದಿಲ್ಲ. ಲೆಟರ್ ತೋರಿಸಿ ಎಂದರೆ ಅದರಲ್ಲಿ ಗೋಪ್ಯತೆಯ ಷರತ್ತು ಇದೆಯೇ ನೋಡಿಕೊಳ್ಳಿ. ಇದ್ದರೆ ಅಂಕಿ ಮಾತ್ರ ಬಾಯಲ್ಲಿ ಹೇಳಿ. ಪಿಡಿಎಫ್ ತಿದ್ದಿ ಅಂಕಿ ಏರಿಸಿ ತೋರಿಸುವವರಿದ್ದಾರೆ. ಸಿಕ್ಕಿಬಿದ್ದರೆ ಅಲ್ಲಿಗೆ ಸಂಬಳದ ಮಾತು ಮುಗಿದು ಶಿಸ್ತು ಕ್ರಮದ ಮಾತು ಶುರುವಾಗುತ್ತದೆ. ಇಲ್ಲದ ಆಫರ್ ಇದೆ ಎನ್ನುವುದೂ ಅಷ್ಟೇ. ‘ಒಳ್ಳೇದಾಗ್ಲಿ, ಹೋಗಿ ಬನ್ನಿ’ ಎಂದುಬಿಟ್ಟರೆ ಮರುದಿನ ಯಾವ ಮುಖ ಹೊತ್ತು ಬರುತ್ತೀರಿ?

ಕಂಪನಿಯ ಉತ್ತರ ಮೂರು ಬಗೆ. ಇಲ್ಲ ಎಂದರೆ ಕೆಲಸ ಸುಲಭ. ಆಗಲಿ ಎಂದು ಫಿಕ್ಸೆಡ್ ಏರಿಸಿದರೆ, ಯಾವ ತಿಂಗಳಿನಿಂದ ಎನ್ನುವುದನ್ನೂ, ಮುಂದಿನ ಅಪ್ರೈಸಲ್ ಹೆಚ್ಚಳ ಇದರಲ್ಲೇ ಸೇರಿಹೋಯಿತೇ ಎನ್ನುವುದನ್ನೂ ಆಗಲೇ ಕೇಳಿ. ಅಕ್ಟೋಬರಿನಲ್ಲಿ ಕೊಟ್ಟ ಹತ್ತನ್ನು ಏಪ್ರಿಲ್‌ನಲ್ಲಿ ಲೆಕ್ಕಕ್ಕೆ ಹಿಡಿದು ಸೊನ್ನೆ ಕೊಡುವುದು ಮಾಮೂಲು. ಮೂರನೆಯದು ಮೂಗಿಗೆ ತುಪ್ಪ ಸವರುವುದು: ‘ಮುಂದಿನ ಸೈಕಲ್‌ನಲ್ಲಿ ಪ್ರಮೋಷನ್ ಖಂಡಿತ’ ಎನ್ನುವ ಮಾತು. ಮ್ಯಾನೇಜರ್ ಸುಳ್ಳು ಹೇಳುತ್ತಿರಲಿಕ್ಕಿಲ್ಲ, ಆದರೆ ಆ ಹೊತ್ತಿಗೆ ಅವರೇ ಬೇರೆ ತಂಡಕ್ಕೆ ಹೋಗಿರಬಹುದು. ಸಂಬಳದ ಬದಲು ರಿಟೆನ್ಷನ್ ಬೋನಸ್, ಅಂದರೆ ಉಳಿದುಕೊಂಡದ್ದಕ್ಕೆ ಕೊಡುವ ಇಡಿಗಂಟು, ಕೊಡುತ್ತೇವೆ ಎಂದರೂ ಎಚ್ಚರ. ಅದು ಬೇಸಿಕ್‌ಗೆ ಸೇರುವುದಿಲ್ಲ, ಮುಂದಿನ ಹೆಚ್ಚಳ ಹಳೆಯ ಸಂಬಳದ ಮೇಲೇ ಲೆಕ್ಕವಾಗುತ್ತದೆ. ಪರಿಷ್ಕೃತ ಸಂಬಳದ ಪತ್ರ ಮೇಲ್‌ಗೆ ಬರುವವರೆಗೆ ಹೊಸ ಕಂಪನಿಗೆ ಬೇಡ ಎನ್ನಬೇಡಿ. ಬಂದ ದಿನವೇ ಅವರಿಗೆ ಫೋನ್ ಮಾಡಿ ತಿಳಿಸಿ. ಅವರೂ ಇನ್ನೊಬ್ಬರನ್ನು ಕಾಯಿಸಿಟ್ಟಿರುತ್ತಾರೆ.

ಹೋಗುವುದೇ ಎಂದಾದರೆ ಉಳಿಯುವುದು ನೋಟಿಸ್ ಪೀರಿಯಡ್ಡಿನ ಹಗ್ಗಜಗ್ಗಾಟ. ಇಲ್ಲಿ 90 ದಿನ, ಅಲ್ಲಿ 30 ದಿನದಲ್ಲಿ ಬನ್ನಿ ಎಂದರೆ, ಬಾಕಿ ಎರಡು ತಿಂಗಳಿಗೆ ಬೈಔಟ್, ಅಂದರೆ ಅಷ್ಟು ದಿನದ ಸಂಬಳ, ಹಳೆಯ ಕಂಪನಿಗೆ ಕಟ್ಟಬೇಕು. ಅದು ಬೇಸಿಕ್ ಮೇಲೋ, ಗ್ರಾಸ್ (ಸಿಟಿಸಿಯಲ್ಲಿ ಕಂಪನಿ ಪಾಲಿನ ಪಿಎಫ್, ಗ್ರಾಚ್ಯುಟಿ ಕಳೆದ ಸಂಬಳ) ಮೇಲೋ ಎನ್ನುವುದು ನಿಮ್ಮ ಹಳೆಯ ಅಪಾಯಿಂಟ್‌ಮೆಂಟ್ ಲೆಟರಿನಲ್ಲಿ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಬೇಸಿಕ್ ಎಂದರೆ 1,00,000, ಗ್ರಾಸ್ ಎಂದರೆ 1,83,000. ಹೊಸ ಕಂಪನಿ ಅದನ್ನು ತುಂಬಿಕೊಡುತ್ತದೆಯೇ, ವರ್ಷದೊಳಗೆ ಬಿಟ್ಟರೆ ವಾಪಸು ಕೇಳುತ್ತದೆಯೇ ಎಂದು ಮೇಲ್‌ನಲ್ಲಿ ಬರೆಸಿಕೊಳ್ಳಿ. ತುಂಬಿಕೊಟ್ಟ ಹಣವೂ ನಿಮ್ಮ ಸಂಬಳಕ್ಕೆ ಸೇರಿ ಅದರ ಮೇಲೆ ತೆರಿಗೆ ಕಡಿತವಾಗುತ್ತದೆ.

ನಮಸ್ಕಾರ.